ಹೇನು ತಂದದ್ದು ಯಾರು ಅಂತ ಹೇಗೆ ಹೇಳೋದು, ಡಾಕ್ಟ್ರೇ?

ಪ್ರಶ್ನೆ: ನನಗೆ 31 ವರ್ಷ, ಮಂಡ್ಯದ ಹತ್ತಿರದ ಹಳ್ಳಿ. ನಮ್ಮ ಯಜಮಾನರು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಇನ್ನಿಬ್ಬರ ಜೊತೆ ರೂಮ್ ಮಾಡಿಕೊಂಡಿದ್ದಾರೆ. ಶನಿವಾರ ರಾತ್ರಿ ರೈಲಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾರೆ. ಹತ್ತು ದಿನದಿಂದ ನನಗೆ ಗುಪ್ತಾಂಗದ ಹತ್ತಿರ ತಡೆಯಲಾರದಷ್ಟು ನವೆ. ನೋಡಿದರೆ ಕೂದಲಲ್ಲಿ ಹೇನು! ಅವರಿಗೂ ಇದೆ, ಆದರೆ ನವೆ ಇಲ್ಲವಂತೆ. ರೂಮಿನ ಟಾಯ್ಲೆಟ್‌ನಿಂದ ಬಂದಿರಬೇಕು ಅನ್ನುತ್ತಾರೆ. ಅತ್ತೆಗೆ ಹೇಗೋ ಗೊತ್ತಾಗಿ, 'ನವೆ ಮೊದಲು ಯಾರಿಗೆ ಬಂತೋ ಅವರೇ ತಂದಿರೋದು' ಅಂತ ನನ್ನ ಮೇಲೆ ಹಾಕಿದ್ದಾರೆ. ನಾನು ಇವರನ್ನು ಬಿಟ್ಟು ಬೇರೆ ಯಾರ ಜೊತೆಗೂ ಸೇರಿದವಳಲ್ಲ. ಅವರನ್ನು ನಂಬಬಹುದಾ?

ಉತ್ತರ: ಮೊದಲು ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ, ತಾಯಿ. ಅವರು ಹೇಳಿದ್ದು ತಪ್ಪು. ಹೇನು ರಕ್ತ ಹೀರುವಾಗ ಅದರ ಜೊಲ್ಲು ಚರ್ಮಕ್ಕೆ ಸೇರುತ್ತದೆ. ಆ ಜೊಲ್ಲು ನಮ್ಮ ಮೈಗೆ ಒಗ್ಗದೆ ನವೆ ಶುರುವಾಗುತ್ತದೆ. ಮೊದಲ ಸಲ ಹತ್ತಿದವರಿಗೆ ಇದು ಕಾಣಿಸಿಕೊಳ್ಳೋಕೆ ಎರಡರಿಂದ ನಾಲ್ಕು ವಾರ ಬೇಕಾಗಬಹುದು. ಹಿಂದೆ ಒಮ್ಮೆ ಬಂದು ಹೋಗಿದ್ದರೆ ಒಂದೆರಡು ದಿನಕ್ಕೇ ಕೆರೆತ ಶುರು. ಮೈ ತುಂಬಾ ಹೇನಿದ್ದರೂ ಅಷ್ಟೇನೂ ನವೆ ಆಗದವರೂ ಇದ್ದಾರೆ. ಹಾಗಾಗಿ ಯಾರು ಮೊದಲು ಕೆರೆದುಕೊಂಡರು ಅನ್ನೋದರಿಂದ ಯಾರು ತಂದರು ಅಂತ ತೀರ್ಮಾನ ಮಾಡೋಕೆ ಬರಲ್ಲ. ಇದನ್ನು ಅವರ ಮಗನೇ ಅವರಿಗೆ ಹೇಳಲಿ. ಅದು ನಿಮ್ಮ ತಲೆನೋವಾಗಬಾರದು.

ಇನ್ನು ಟಾಯ್ಲೆಟ್ ವಿಷಯ. ಈ ಹೇನನ್ನು ಲೆನ್ಸ್ ಇಟ್ಟು ನೋಡಿದರೆ ಗದ್ದೆ ಬದುವಿನ ಏಡಿಯ ಹಾಗೇ ಇರುತ್ತದೆ. ಒಂದೆರಡು ಮಿಲಿಮೀಟರ್ ಅಗಲದ ಮೈ, ಹಿಂದಿನ ನಾಲ್ಕು ಕಾಲಲ್ಲಿ ದಪ್ಪ ಕೊಂಡಿ. ಕೂದಲ ಬುಡವನ್ನು ಅದರಿಂದ ಕಚ್ಚಿ ಹಿಡಿದು ತಲೆ ಕೆಳಗೆ ಮಾಡಿ ಕೂತಿರುತ್ತದೆ. ಚಿಮಟದಲ್ಲಿ ಎಳೆದರೂ ಬಿಡಲ್ಲ. ಎಷ್ಟೋ ಜನ ಅದನ್ನು ಮಚ್ಚೆ ಅಂತಲೋ ಗಾಯದ ಹಕ್ಕಳೆ ಅಂತಲೋ ಸುಮ್ನೆ ಬಿಟ್ಟಿರುತ್ತಾರೆ. ಇದು ಹಾರಲ್ಲ, ನೆಗೆಯಲ್ಲ. ನಡೆಯೋದೂ ಬಹಳ ನಿಧಾನ. ನುಣುಪಾದ ಜಾಗದಲ್ಲಿ ಕಾಲು ನಿಲ್ಲಲ್ಲ. ಮೈಯಿಂದ ಬೇರೆಯಾದರೆ ಒಂದೆರಡು ದಿನದಲ್ಲಿ ಸಾಯುತ್ತದೆ. ಟಾಯ್ಲೆಟ್ ಸೀಟಿನಿಂದ ಬಂತು ಅನ್ನೋದನ್ನು ನಾನಂತೂ ಒಪ್ಪಲ್ಲ.

ಹಾಸಿಗೆಯಿಂದ ಬರಬಹುದಾ? ಬರಬಹುದು. ಹೇನಿದ್ದವರು ಮಲಗಿ ಎದ್ದ ಹಾಸಿಗೆಯಲ್ಲೇ ಅವತ್ತೇ ಮಲಗಿದರೆ, ಅವರ ಲುಂಗಿ, ಟವೆಲ್, ಚಡ್ಡಿ ಬಳಸಿದರೆ ಹತ್ತುವ ಸಾಧ್ಯತೆ ಇದೆ. ಆದರೆ ಅಪರೂಪ. ದೊಡ್ಡವರಲ್ಲಿ ಇದು ಹರಡೋದು ಬಹುಪಾಲು ಲೈಂಗಿಕ ಸಂಪರ್ಕದಿಂದಲೇ. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಿದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಹಾಗಂತ ಹೇನು ಸಿಕ್ಕಿತು ಅನ್ನೋ ಒಂದೇ ಕಾರಣಕ್ಕೆ ನಿಮ್ಮ ಯಜಮಾನರು ತಪ್ಪು ಮಾಡಿದ್ದಾರೆ ಅಂತ ಬರೆದುಕೊಡೋಕೂ ಆಗಲ್ಲ. ಹೇನಿನ ಮೇಲೆ ತಾರೀಖು ಇರಲ್ಲ. ಒಂದು ಹೇನು ಬದುಕೋದು ಹೆಚ್ಚು ಕಡಿಮೆ ಒಂದು ತಿಂಗಳಾದರೂ ಮರಿ ಮಾಡುತ್ತಾ ಹೋಗುತ್ತದೆ.

ರೂಮಿನವರಿಗೂ ಇದೆಯಾ ಅಂತ ನಿಮ್ಮ ಯಜಮಾನರು ಕೇಳಲಿ. ನಾಚಿಕೆ ಆಗುತ್ತದೆ, ಆದರೂ ಕೇಳಲೇಬೇಕು. ಇದ್ದರೆ ಹಾಸಿಗೆಯ ಮಾತಿಗೆ ಸ್ವಲ್ಪ ಬಲ ಬರುತ್ತದೆ, ಅವರಿಗೂ ಔಷಧಿ ಆಗಬೇಕು. ಇಲ್ಲದಿದ್ದರೆ ನಿಮ್ಮ ಪ್ರಶ್ನೆ ಹಾಗೇ ಉಳಿಯುತ್ತದೆ.

ಔಷಧಿ ಕಷ್ಟದ್ದೇನಲ್ಲ. ತಲೆಹೇನಿಗೆ ಕೊಡುವ 1% ಪರ್ಮೆಥ್ರಿನ್ ಲೋಷನ್ನೇ ಇದಕ್ಕೂ. ಒಮ್ಮೆ ಡಾಕ್ಟರಿಗೆ ತೋರಿಸಿ, ಗರ್ಭಿಣಿಯಾಗಿದ್ದರೆ ಅಥವಾ ಹಾಲೂಡಿಸುತ್ತಿದ್ದರೆ ಹೇಳಿ, ಆಮೇಲೆ ತೆಗೆದುಕೊಳ್ಳಿ. ಈ ಶನಿವಾರವೇ ಇಬ್ಬರೂ ಹಚ್ಚಿಕೊಳ್ಳಿ. ಗುಪ್ತಾಂಗದ ಕೂದಲು, ತೊಡೆ ಸಂದು, ಗುದದ ಸುತ್ತ, ಹೇನು ಕಂಡರೆ ಕಂಕುಳು, ಎದೆ. ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಒಂಬತ್ತು ಹತ್ತನೇ ದಿನ ಇನ್ನೊಂದು ಸಲ, ಯಾಕಂದ್ರೆ ಸೀರು ಒಡೆದು ಮರಿ ಬರೋಕೆ ಆರರಿಂದ ಹತ್ತು ದಿನ ಬೇಕು. ಆ ಹೊತ್ತಿಗೆ ಅವರು ಬೆಂಗಳೂರಲ್ಲಿರುತ್ತಾರೆ ಅಲ್ವಾ, ಲೋಷನ್ ಬ್ಯಾಗಿಗೆ ಹಾಕಿ ಕಳಿಸಿ. ಬೆಡ್‌ಶೀಟು, ಒಳಬಟ್ಟೆ ಚೆನ್ನಾಗಿ ಕಾದ ನೀರಿಗೆ ಹಾಕಿ ಬಿಸಿಲಿಗೆ ಒಣಗಿಸಿ. ಒಗೆಯಲಾಗದ ಕಂಬಳಿ, ರಗ್ಗು ಎರಡು ವಾರ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ಅಲ್ಲಿನ ರೂಮಿನಲ್ಲೂ ಇದೇ ಆಗಬೇಕು. ಪೂರ್ತಿ ಹೋಗುವ ತನಕ ಸೇರಬೇಡಿ. ಕಾಂಡೋಮ್ ಇದನ್ನು ತಡೆಯಲ್ಲ.

ಸೀಮೆಎಣ್ಣೆ, ಇರುವೆ ಪುಡಿ ಹತ್ತಿರಕ್ಕೂ ತರಬೇಡಿ. ಆ ಜಾಗದ ಚರ್ಮ ಸುಟ್ಟುಕೊಂಡು ಬಂದವರನ್ನು ನೋಡಿ ಹೊಟ್ಟೆ ಉರಿದಿದೆ. ನಿಮ್ಮ ಹಾಸಿಗೆಯಲ್ಲಿ ಮಕ್ಕಳು ಮಲಗುತ್ತಿದ್ದರೆ ಅವರ ಕಣ್ಣು ರೆಪ್ಪೆಯನ್ನು ಬೆಳಕಲ್ಲಿ ನೋಡಿ. ಅಲ್ಲಿ ಹೇನು ಕಂಡರೆ ಲೋಷನ್ ಹಾಕಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ.

ಹೇನು ತಾನಾಗಿ ಬೇರೆ ರೋಗ ಹರಡಲ್ಲ. ಆದರೆ ಅದು ಬಂದ ದಾರಿಯಲ್ಲೇ ಸಿಫಿಲಿಸ್, ಎಚ್‌ಐವಿ ಕೂಡ ಬರಬಹುದು. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಲೈಂಗಿಕ ರೋಗಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗೆ ಇಬ್ಬರೂ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ದುಡ್ಡು ಕೇಳಲ್ಲ, ಗುಟ್ಟು ಬಿಟ್ಟುಕೊಡಲ್ಲ. ಹೋಗೋಕೆ ಮುಜುಗರ ಆದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ ಕೇಳಬಹುದು, ಅದಕ್ಕೂ ದುಡ್ಡಿಲ್ಲ.

ನಂಬಬಹುದಾ ಅಂತ ಕೇಳಿದಿರಿ. ಔಷಧಿ ಆದ ಮೇಲೆ, ಅತ್ತೆ ಮನೆಯಲ್ಲಿಲ್ಲದ ಹೊತ್ತು ನೋಡಿ ನೇರವಾಗಿ ಕೇಳಿ: 'ಬೇರೆ ಯಾರ ಜೊತೆಗಾದರೂ ಸೇರಿದ್ರಾ? ಯಾವ ಟೆಸ್ಟ್ ಆಗಬೇಕು ಅಂತ ನನಗೆ ಗೊತ್ತಾಗಬೇಕು.' ಟಾಯ್ಲೆಟ್ ಅಂದದ್ದು ಬರೀ ಹೆದರಿಕೆಗೂ ಇರಬಹುದು. ಅವರು ರಕ್ತ ಪರೀಕ್ಷೆಗೆ ಬರುತ್ತಾರಾ, ರೂಮಿನವರನ್ನು ಕೇಳುತ್ತಾರಾ, ನಿಮ್ಮ ಮೇಲಿನ ಅಪವಾದವನ್ನು ಅವ್ವನ ಮುಂದೆ ಬಿಡಿಸುತ್ತಾರಾ, ಇದನ್ನು ನೋಡಿ. ನನ್ನ ಕೇಳಿದರೆ ನಂಬಿಕೆಗೆ ಹೇನಿಗಿಂತ ಇದೇ ಗಟ್ಟಿ ಆಧಾರ. ಒಂದು ವೇಳೆ ಅವರು ಒಪ್ಪಿಕೊಂಡರೆ, ಮುಂದೇನು ಅನ್ನೋದನ್ನು ನೀವೇ, ನಿಮ್ಮ ಸಮಯ ತೆಗೆದುಕೊಂಡು ತೀರ್ಮಾನಿಸಿ.

ಪ್ರಶ್ನೆ: ಮೈಸೂರಿನಲ್ಲಿ ಪಿಜಿಯಲ್ಲಿದ್ದೇನೆ, 26 ವರ್ಷ. ಹೋದ ತಿಂಗಳು ಒಬ್ಬರ ಜೊತೆ ಸಂಪರ್ಕ ಆಗಿ ಇದೇ ಹೇನು ಹತ್ತಿತು. ಶೇವ್ ಮಾಡಿ ಒಂದು ಸಲ ಲೋಷನ್ ಹಚ್ಚಿದೆ. ಮುಂದಿನ ತಿಂಗಳು ಮದುವೆ. ಹುಡುಗಿಗೆ ಹೇಳಬೇಕಾ?

ಉತ್ತರ: ಬರೀ ಶೇವ್ ನಂಬಬೇಡಿ, ತೊಡೆ, ಕಂಕುಳಲ್ಲಿ ಉಳಿದಿರಬಹುದು. ಎರಡನೇ ಸಲ ಹಚ್ಚಿ. ಆ ಇನ್ನೊಬ್ಬರಿಗೂ ತಿಳಿಸಿ, ಅವರಿಗೂ ಔಷಧಿ ಬೇಕು. ಹೇನು ಪೂರ್ತಿ ಹೋದರೆ ಆ ಕಥೆ ಹುಡುಗಿಗೆ ಹೇಳಲೇಬೇಕು ಅಂತ ನಾನು ಒತ್ತಾಯ ಮಾಡಲ್ಲ. ರಕ್ತ ಪರೀಕ್ಷೆಯ ವಿಷಯ ಬೇರೆ. ಕೆ.ಆರ್. ಆಸ್ಪತ್ರೆಗೆ ಹೋಗಿ ಎಚ್‌ಐವಿ, ಸಿಫಿಲಿಸ್ ಎರಡೂ ಮಾಡಿಸಿ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಎಚ್‌ಐವಿ ಪರೀಕ್ಷೆಯಲ್ಲಿ ಕಾಣದೇ ಇರಬಹುದು, ಮೂರು ತಿಂಗಳು ತುಂಬಿದ ಮೇಲೆ ಮತ್ತೆ ಮಾಡಿಸಬೇಕು. ನಿಮ್ಮ ಮದುವೆ ಅದಕ್ಕೂ ಮೊದಲೇ ಬರುತ್ತದೆ. ಆದ್ದರಿಂದ ಎರಡನೇ ಪರೀಕ್ಷೆ ಬಾಕಿ ಇದೆ ಅನ್ನೋದನ್ನು ಆ ಹುಡುಗಿಗೆ ಈಗಲೇ ಹೇಳಿ. ಎರಡನೇ ರಿಪೋರ್ಟ್ ಬರುವವರೆಗೆ ಮದುವೆ ಮುಂದಕ್ಕೆ ಹಾಕೋದಾ, ಕಾಂಡೋಮ್ ಬಳಸೋದಾ ಅನ್ನೋದರಲ್ಲಿ ಆಕೆಯ ಮಾತೂ ಇರಬೇಕು. ಒಬ್ಬರೇ ಹೇಳೋಕೆ ಧೈರ್ಯ ಸಾಲದಿದ್ದರೆ ಅಲ್ಲಿನ ಆಪ್ತ ಸಮಾಲೋಚಕರು ನಿಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡುತ್ತಾರೆ.