ಲಿಯೋನ್ ಬೇಡ, ಪಿಎಸ್‌ಜಿ ಬೇಡ, ರೀಮ್ಸ್ ತಗೊಳ್ಳಿ

ಫ್ರೆಂಚ್ ಕೋರ್ಸಿಗೆ ಅಲ್ಲಿನ ಒಂದು ಮಹಿಳಾ ಫುಟ್‌ಬಾಲ್ ಕ್ಲಬ್ಬಿನ ಇತಿಹಾಸ ಹೇಳಬೇಕು, ಲಿಯೋನ್ ತಗೊಳ್ಳಲಾ ಪ್ಯಾರಿಸ್‌ನ ಪಿಎಸ್‌ಜಿ ತಗೊಳ್ಳಲಾ, ಕಪ್ ಜಾಸ್ತಿ ಇರೋ ಕ್ಲಬ್ಬೇ ಸೇಫ್ ಅಲ್ವಾ ಅಂತ ಕೇಳಿದ್ದೀರಿ. ಇಂಥದ್ದೇ ಪ್ರೆಸೆಂಟೇಶನ್ ನಾನೂ ಕೊಟ್ಟಿದ್ದೇನೆ. ಕೊಟ್ಟು ಕೆಟ್ಟವರಿಲ್ಲ ಅನ್ನುತ್ತಾರೆ, ನಾನು ಕೊಟ್ಟೇ ಕೆಟ್ಟೆ.

2018ರಲ್ಲಿ ಓದಲು ರೀಮ್ಸ್‌ಗೆ ಹೋದೆ. ನಾವು ರೀಮ್ಸ್ ಅಂತ ಬರೆದರೂ ಊರಿನವರ ಬಾಯಲ್ಲಿ ಅದು ‘ರ‍್ಯಾನ್ಸ್’ ಥರ ಕೇಳಿಸುತ್ತದೆ, ಹಾಗಾಗಿ ಮೊದಲ ತಿಂಗಳು ರೈಲ್ವೆ ಕೌಂಟರಿನಲ್ಲಿ ನನ್ನ ಮಾತು ಯಾರಿಗೂ ಅರ್ಥವಾಗಲಿಲ್ಲ. ಶಾಂಪೇನ್ ಸೀಮೆಯ ಊರು, ಹಿಂದೆ ರಾಜರಿಗೆ ಪಟ್ಟ ಕಟ್ಟುತ್ತಿದ್ದ ದೊಡ್ಡ ಚರ್ಚ್ ಇದೆ. ಒಬ್ಬ ಅಜ್ಜಿಯ ಮನೆಯ ಮಹಡಿ ಮೇಲೆ ನನ್ನ ರೂಮು. ಎಪ್ಪತ್ತು ದಾಟಿದವರು. ಮದಾಮ್ ಅಂತ ಕರೆಯುತ್ತಿದ್ದೆ. ಬಾಡಿಗೆ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ಆದರೆ ನನ್ನ ಒಗ್ಗರಣೆ ಘಾಟಿಗೆ ಮಾತ್ರ ಏನೂ ಅನ್ನದೆ ಕಿಟಕಿ ತೆಗೆಯುತ್ತಿದ್ದರು.

2019ರಲ್ಲಿ ಮಹಿಳೆಯರ ವರ್ಲ್ಡ್ ಕಪ್ ಫ್ರಾನ್ಸ್‌ನಲ್ಲೇ ನಡೆಯಿತು. ಅಮೆರಿಕ ಥಾಯ್ಲೆಂಡ್‌ಗೆ 13 ಗೋಲು ಹೊಡೆಯಿತಲ್ಲ, ಆ ಮ್ಯಾಚ್ ನಡೆದದ್ದು ರೀಮ್ಸ್‌ನ ಒಗುಸ್ತ್ ದೆಲೋನ್ ಸ್ಟೇಡಿಯಂನಲ್ಲಿ. ಅದೇ ವರ್ಷ ಊರಿನ ಕ್ಲಬ್ ಸ್ಟಾದ್ ದ ರೀಮ್ಸ್‌ನ ಮಹಿಳಾ ತಂಡ ಮೊದಲ ಡಿವಿಜನ್‌ಗೆ ಏರಿತ್ತು. ಫ್ರೆಂಚ್ ಕ್ಲಾಸಿನಲ್ಲಿ ‘ನಮ್ಮ ಊರಿನ ಇತಿಹಾಸ’ ಅಂತ ಹತ್ತು ನಿಮಿಷ ಮಾತಾಡಿ ಅಂದಾಗ ನಾನು ಇದನ್ನೇ ಹಿಡಿದೆ. ಸುಲಭ ಅನ್ನಿಸಿತು. ಐದು ವರ್ಷದ ಕ್ಲಬ್, ಎಷ್ಟು ತಾನೇ ಇತಿಹಾಸ ಇದ್ದೀತು?

ಈಗ ತಪ್ಪಿನ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಕ್ಷಮಿಸಿ. ಫ್ರೆಂಚಿನಲ್ಲಿ ‘ಕ್ರೆಯೆ’ ಅಂದರೆ ಹುಟ್ಟುಹಾಕಿದ್ದು, ‘ರೆಕ್ರೆಯೆ’ ಅಂದರೆ ಮತ್ತೆ ಹುಟ್ಟುಹಾಕಿದ್ದು. ನಾನು ಓದಿದ ಲೇಖನದಲ್ಲಿ 2014ರ ಪಕ್ಕ ಇದ್ದದ್ದು ‘ರೆಕ್ರೆಯೆ’. ನನ್ನ ಕಣ್ಣಿಗೆ ಬಿದ್ದದ್ದು ‘ಕ್ರೆಯೆ’. ಎರಡೇ ಅಕ್ಷರ. ಭಾಷೆ ಹೊಸದು ಅಂತ ನೆಪ ಹೇಳಬಹುದು, ಆದರೆ ನಿಜ ಅದಲ್ಲ. ನನಗೆ ಬೇಕಾಗಿದ್ದದ್ದು ಒಂದು ಇಸವಿ ಮಾತ್ರ. ಸಿಕ್ಕಿದ ತಕ್ಷಣ ಓದೋದು ನಿಲ್ಲಿಸಿದೆ. ನಮ್ಮೂರ ದೇವಸ್ಥಾನದಲ್ಲಿ ಜೀರ್ಣೋದ್ಧಾರದ ಕಲ್ಲು ಇರುತ್ತದಲ್ಲ, ದಾನ ಕೊಟ್ಟವರ ಹೆಸರೆಲ್ಲ ಇರೋದು, ಅದರ ಮೇಲಿನ ಇಸವಿ ನೋಡಿ ದೇವಸ್ಥಾನ ಕಟ್ಟಿದ್ದೇ ಆವತ್ತು ಅಂದರೆ ಪೂಜಾರರು ನಗುತ್ತಾರೆ. ನಾನು ಮಾಡಿದ್ದು ಅದನ್ನೇ.

ಹಿಂದಿನ ದಿನ ಸಂಜೆ ಮದಾಮ್ ಎದುರು ಅಡುಗೆಮನೆಯಲ್ಲಿ ಒಂದು ಸಲ ಹೇಳಿ ನೋಡೋಣ ಅಂತ ಕೂತೆ. ವಿಷಯ ಏನು ಅಂತ ಮೊದಲೇ ಹೇಳಿದ್ದೆ, ಖುಷಿಯಿಂದ ಒಂದು ತಗಡಿನ ಬಿಸ್ಕತ್ ಡಬ್ಬಿ ತಂದು ಮೇಜಿನ ಮೇಲಿಟ್ಟಿದ್ದರು. ಬಿಸ್ಕತ್ ಅಂದುಕೊಂಡೆ. ‘2014ರಲ್ಲಿ ಹುಟ್ಟಿದ ನಮ್ಮ ತಂಡ’ ಅಂತ ಶುರು ಮಾಡಿದೆ. ಅವರು ಕೈ ಎತ್ತಿ, ‘ಹಾಗಾದರೆ 1976ರ ಭಾನುವಾರ ನಾನು ಯಾರ ಆಟ ನೋಡುತ್ತಿದ್ದೆ?’ ಅಂದರು. ಇಲ್ಲಿಗೆ ಸುಮ್ಮನಾಗಿದ್ದರೆ ಆಗಿತ್ತು. ನಾನು ಫೋನ್ ತೆಗೆದು ತೋರಿಸಿದೆ! ‘ಇಲ್ಲ ಮದಾಮ್, ನೋಡಿ, 2014 ಅಂತಲೇ ಇದೆ, ನೀವು ನೋಡಿದ್ದು ಬೇರೆ ಏನೋ ಇರಬೇಕು’ ಅಂದೆ. ಅವರು ಕನ್ನಡಕ ಹುಡುಕಲಿಲ್ಲ, ಫೋನ್ ಕಡೆ ನೋಡಲೂ ಇಲ್ಲ. ‘ನಿನ್ನ ಫ್ರೆಂಚ್ ಸುಧಾರಿಸಿದೆ’ ಅಂದರು. ಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ಮಾರನೇ ದಿನ ಅದೇ 2014 ಇಟ್ಟುಕೊಂಡು ಮಾತಾಡಿದೆ. ಮುಗಿದ ಮೇಲೆ ಮೇಷ್ಟ್ರು ಒಂದೇ ಪ್ರಶ್ನೆ ಕೇಳಿದರು: ಫ್ರೆಂಚ್ ಫುಟ್‌ಬಾಲ್ ಫೆಡರೇಶನ್ ನಡೆಸಿದ ಮೊದಲ ಮಹಿಳಾ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದದ್ದು ಯಾವ ಊರು? ನಾನು ಲಿಯೋನ್ ಅಂದೆ. ಇಡೀ ಕ್ಲಾಸ್ ನಕ್ಕಿತು.

ಉತ್ತರ ರೀಮ್ಸ್. 1975ರಲ್ಲಿ. ಆಮೇಲೆ 1976, 1977, 1980, 1982. ಒಟ್ಟು 5 ಸಲ. ನಡುವೆ 1978, 1979, 1981ರಲ್ಲಿ ಗೆದ್ದದ್ದು ಉತ್ತರದ ಎಟ್ರಂ ಅನ್ನೋ ಒಂದು ಹಳ್ಳಿ ತಂಡ, ಅದರ ಕಥೆಯೇ ಬೇರೆ ಬರೆಯಬಹುದು.

ನಾಚಿಕೆಯಾಗಿ ಆಮೇಲೆ ಕೂತು ಓದಿದೆ. 1968ರಲ್ಲಿ ರೀಮ್ಸ್‌ನ ಪತ್ರಿಕೆ ‘ಲ್ಯುನಿಯೋಂ’ ತನ್ನ ಜಾತ್ರೆಗೆ ಏನಾದರೂ ಹೊಸ ಆಕರ್ಷಣೆ ಹುಡುಕುತ್ತಿತ್ತು. ಅಲ್ಲಿನ ಕ್ರೀಡಾ ವರದಿಗಾರ ಪಿಯರ್ ಜೆಫ್ರುವಾ ಹುಡುಗಿಯರ ಮ್ಯಾಚ್ ಮಾಡೋಣ ಅಂದುಕೊಂಡು ಪತ್ರಿಕೆಯಲ್ಲೇ ಜಾಹೀರಾತು ಹಾಕಿದರು: ಫುಟ್‌ಬಾಲ್ ಆಡುವ ಹುಡುಗಿಯರು ಬೇಕು. ಜನ ನಗಲಿ ಅನ್ನೋ ಉದ್ದೇಶವೇ ಜಾಸ್ತಿ ಇತ್ತು. ಆದರೆ ಬಂದ ಹುಡುಗಿಯರು ಆಡಲು ಬಂದಿದ್ದರು. ಅಲ್ಸಾಸ್ ಕಡೆಯ ಶ್ವಿಂಡ್ರಾಟ್ಸ್‌ಹೈಮ್ ಹಳ್ಳಿಯ ತಂಡದ ಜೊತೆ, ಗಂಡಸರ ಮ್ಯಾಚಿಗೆ ಮುಂಚೆ ಆಡಿದರು. ಜಾತ್ರೆ ಮುಗಿದರೂ ತಂಡ ಮುಗಿಯಲಿಲ್ಲ, ಜೆಫ್ರುವಾ ಅವರೇ ಕೋಚ್ ಆಗಿಬಿಟ್ಟರು. 1956 ಮತ್ತು 1959ರಲ್ಲಿ ಯುರೋಪಿಯನ್ ಕಪ್ ಫೈನಲ್ ತನಕ ಹೋಗಿ ಎರಡೂ ಸಲ ರಿಯಲ್ ಮ್ಯಾಡ್ರಿಡ್‌ಗೆ ಸೋತಿದ್ದ ರೀಮ್ಸ್‌ನ ಗಂಡಸರ ತಂಡ ಅಷ್ಟು ಹೊತ್ತಿಗೆ ಎರಡನೇ ಡಿವಿಜನ್‌ಗೆ ಇಳಿದಿತ್ತು ಅನ್ನೋದು ನನಗೆ ತಮಾಷೆಯಾಗಿ ಕಾಣುತ್ತದೆ.

ಫ್ರೆಂಚ್ ಫೆಡರೇಶನ್ ಮಹಿಳಾ ಫುಟ್‌ಬಾಲನ್ನು ಒಪ್ಪಿಕೊಂಡದ್ದು 1970ರ ಮಾರ್ಚ್‌ನಲ್ಲಿ, ಈ ಹುಡುಗಿಯರು ಆಡಲು ಶುರು ಮಾಡಿದ ಮೇಲೆ. ಮರು ವರ್ಷ ಏಪ್ರಿಲ್ 17ಕ್ಕೆ ಆಝ್‌ಬ್ರೂಕ್‌ನಲ್ಲಿ ಫ್ರಾನ್ಸ್ ನೆದರ್ಲೆಂಡ್ಸನ್ನು 4-0ಯಿಂದ ಸೋಲಿಸಿತು. ಜೋಸ್‌ಲಿನ್ ರಾಟಿನ್ಯೆ ಒಬ್ಬರೇ ಮೂರು ಗೋಲು. ಮಹಿಳೆಯರ ಮೊದಲ ಅಧಿಕೃತ ಅಂತರರಾಷ್ಟ್ರೀಯ ಮ್ಯಾಚ್ ಅಂತ ಫಿಫಾ ಎಣಿಸೋದು ಇದನ್ನೇ. ಅದೇ ವರ್ಷ ಮೆಕ್ಸಿಕೋದಲ್ಲಿ ನಡೆದ ಅನಧಿಕೃತ ವಿಶ್ವಕಪ್‌ಗೆ ಹೋದ ಫ್ರಾನ್ಸ್ ತಂಡದಲ್ಲಿ ರೀಮ್ಸ್‌ನವರೇ ಜಾಸ್ತಿ. ಅದರ ಫೈನಲ್ ನೋಡಲು ಅಝ್ಟೆಕಾ ಸ್ಟೇಡಿಯಂನಲ್ಲಿ ಸುಮಾರು 1,10,000 ಜನ ಸೇರಿದ್ದರು. ಡೆನ್ಮಾರ್ಕ್ ಗೆದ್ದಿತು.

ಹಾಗಂತ 1968ನ್ನೂ ‘ಮೊದಲು’ ಅನ್ನಬೇಡಿ, ಅಲ್ಲೂ ನನ್ನದೇ ಗುಂಡಿಗೆ ಬೀಳುತ್ತೀರಿ. ಪ್ಯಾರಿಸ್‌ನಲ್ಲಿ ಫೆಮಿನಾ ಸ್ಪೋರ್ ಕ್ಲಬ್ಬಿನ ಹುಡುಗಿಯರು ಎರಡು ತಂಡವಾಗಿ ಮ್ಯಾಚ್ ಆಡಿದ್ದು 1917ರ ಸೆಪ್ಟೆಂಬರ್ 30ರಂದು. 1920ರಲ್ಲಿ ಫ್ರಾನ್ಸ್‌ನ ಹುಡುಗಿಯರು ಇಂಗ್ಲೆಂಡಿನ ಪ್ರೆಸ್ಟನ್‌ಗೆ ಹೋಗಿ ಸುಮಾರು 25,000 ಜನರ ಎದುರು ಆಡಿದರು. 1941ರಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸ್‌ನಲ್ಲಿದ್ದ ವಿಶಿ ಸರ್ಕಾರ ಹೆಂಗಸರ ಫುಟ್‌ಬಾಲನ್ನೇ ನಿಷೇಧಿಸಿತು. ಆಟಕ್ಕೆ ಅಂಥ ಗತಿ ಬಂದ ಮೇಲೆಯೇ 1968ರಲ್ಲಿ ಹುಡುಗಿಯರು ಆಡೋದು ಜನರಿಗೆ ಜಾತ್ರೆಯ ತಮಾಷೆಯಾಗಿ ಕಂಡದ್ದು.

ಈಗ ನಿಮ್ಮ ಪ್ರಶ್ನೆ. ಕಪ್ ಎಣಿಸೋದು ಇತಿಹಾಸ ಅಲ್ಲ ರೀ, ಅದು ಪಾತ್ರೆ ಅಂಗಡಿಯ ಸ್ಟಾಕ್ ಲೆಕ್ಕ. ಪಿಎಸ್‌ಜಿಯಂತೂ ಬೇಡ, 2021ರಲ್ಲಿ ಒಂದು ಲೀಗ್ ಗೆದ್ದರು, ನೀವು ಹತ್ತು ನಿಮಿಷ ಎಳೆಯಲು ಒದ್ದಾಡುತ್ತೀರಿ. ಲಿಯೋನ್‌ನದು ದೊಡ್ಡ ಸಾಧನೆಯೇ. 2007ರಿಂದ 2020ರ ತನಕ ಸತತ 14 ಲೀಗ್, 2022ರ ಹೊತ್ತಿಗೆ 8 ಚಾಂಪಿಯನ್ಸ್ ಲೀಗ್, ಅಂದರೆ ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್. ಅದೇ ಬೇಕು ಅಂತಿದ್ದರೆ ತಗೊಳ್ಳಿ, ಆದರೆ ‘2004ರಲ್ಲಿ ಹುಟ್ಟಿತು’ ಅಂತ ಮಾತ್ರ ಬರೆಯಬೇಡಿ. ಅದು ಎಫ್‌ಸಿ ಲಿಯೋನ್ ಕ್ಲಬ್ಬಿನ ಮಹಿಳಾ ತಂಡ, 1970ರಿಂದ ಇತ್ತು, 4 ಲೀಗನ್ನೂ ಗೆದ್ದಿತ್ತು. 2004ರಲ್ಲಿ ಒಲಿಂಪಿಕ್ ಲಿಯೋನೇ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಅಲ್ಲೂ ಜೀರ್ಣೋದ್ಧಾರದ ಕಲ್ಲೇ.

ಬಿಸ್ಕತ್ ಡಬ್ಬಿ ಏನಾಯಿತು ಅಂದರೆ, 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ತರಾತುರಿಯಲ್ಲಿ ರೂಮು ಖಾಲಿ ಮಾಡಿದೆ. ಮದಾಮ್ ಅಷ್ಟರಲ್ಲಿ ಮಗಳ ಮನೆಗೆ ಹೋಗಿದ್ದರು. ಬೀಗದ ಕೈ ಇಸಕೊಳ್ಳಲು ಬಂದ ಮಗಳನ್ನು ಕೇಳಿದೆ. ಹಳೇ ಮ್ಯಾಚ್ ಟಿಕೆಟ್, ಲ್ಯುನಿಯೋಂ ಪತ್ರಿಕೆಯ ತುಣುಕುಗಳು, 1968ರಿಂದ ಕೂಡಿಟ್ಟದ್ದು ಅಂದರು. ಆ ಇಡೀ ಚಳಿಗಾಲ ನಾನು ಅದರ ಮೇಲಿನ ಮಹಡಿಯಲ್ಲೇ ಮಲಗಿದ್ದೆ.

ನೀವು ರೀಮ್ಸ್ ತಗೊಂಡು, ಎಲ್ಲಾದರೂ ಜೆಫ್ರುವಾ ಹಾಕಿದ ಆ ಜಾಹೀರಾತಿನ ಫೋಟೋ ಸಿಕ್ಕರೆ ದಯವಿಟ್ಟು ಇಲ್ಲೇ ಕೆಳಗೆ ಹಾಕಿ. ನಾನು ಇನ್ನೂ ನೋಡಿಲ್ಲ.