ಡೇಟಾಬೇಸ್ ಕೋಡ್‌ನ ಕಾಮೆಂಟ್‌ಗಳಲ್ಲಿ (ಓದುವವರಿಗಾಗಿ ಬರೆದ ಟಿಪ್ಪಣಿಗಳಲ್ಲಿ) ಬೇಡದ ಸ್ಪೇಸ್ ತೆಗೆಯುವ ಪ್ಯಾಚ್ (ತಿದ್ದುಪಡಿ) ಕಳಿಸಬಹುದಾ?

ಕಳಿಸಬಹುದು. ಆದರೆ ನೀವು ಬರೆದಿರುವ ಹಾಗೆ ಇಡೀ ಕೋಡ್ ಮೇಲೆ ಒಂದು ಸ್ಕ್ರಿಪ್ಟ್ ಓಡಿಸಿ, ಬಂದದ್ದನ್ನೆಲ್ಲ ಮೂಟೆ ಕಟ್ಟಿ ಕಳಿಸಬೇಡಿ.

ಕೊನೇ ವರ್ಷದ ಇಂಜಿನಿಯರಿಂಗ್‌ನಲ್ಲಿದ್ದೀರಿ, ಪೋಸ್ಟ್‌ಗ್ರೆಸ್‌ಕ್ಯೂಎಲ್ ಅನ್ನುವ ಓಪನ್ ಸೋರ್ಸ್ ಡೇಟಾಬೇಸ್‌ನ ಕೋಡ್ ಓದಲು ಶುರು ಮಾಡಿದ್ದೀರಿ. ಕಾಮೆಂಟ್‌ಗಳಲ್ಲಿ ಎಲ್ಲೋ ಸಾಲಿನ ಕೊನೆಗೆ ಸ್ಪೇಸ್, ಎಲ್ಲೋ ಟ್ಯಾಬ್ ಇರಬೇಕಾದ ಕಡೆ ಸ್ಪೇಸ್, ಎಲ್ಲೋ ಎರಡೆರಡು ಸ್ಪೇಸ್ ಕಂಡಿವೆ. "ಕಾಮೆಂಟ್ ತಾನೇ, ಪ್ರೋಗ್ರಾಂಗೆ ಏನೂ ಆಗಲ್ಲ, ಮೊದಲ ಪ್ಯಾಚ್ ಇದೇ ಆಗಲಿ" ಅಂತ ನಿಮ್ಮ ಲೆಕ್ಕ. ನನ್ನದೂ ಒಂದು ಕಾಲದಲ್ಲಿ ಇದೇ ಲೆಕ್ಕ ಇತ್ತು.

ಎಚ್‌ಎಸ್‌ಆರ್ ಲೇಔಟ್‌ನ ಒಂದು ಕಂಪನಿಯಲ್ಲಿ ನನ್ನ ಮೊದಲ ಕೆಲಸ. ನಾವೊಂದು ಡೇಟಾಬೇಸ್ ಎಂಜಿನ್ ಮೇಲೆ ಕೆಲಸ ಮಾಡುತ್ತಿದ್ದೆವು. ಫೈಲ್ ಸೇವ್ ಮಾಡಿದಾಗಲೆಲ್ಲ ಸಾಲಿನ ಕೊನೆಯ ಸ್ಪೇಸ್ ತೆಗೆದುಹಾಕುವ ಹಾಗೆ ನನ್ನ ಎಡಿಟರ್‌ನಲ್ಲಿ ಸೆಟ್ಟಿಂಗ್ ಇತ್ತು. ಮೂರು ಸಾಲಿನ ಒಂದು ಬಗ್ ಸರಿಮಾಡಿ ರಿವ್ಯೂಗೆ ಹಾಕಿದೆ. ನೋಡಿದರೆ ಡಿಫ್‌ನಲ್ಲಿ (ಏನೇನು ಬದಲಾಗಿದೆ ಅಂತ ತೋರಿಸುವ ಪಟ್ಟಿಯಲ್ಲಿ) ನಾನೂರು ಚಿಲ್ಲರೆ ಸಾಲು! ಸೀನಿಯರ್ ಒಬ್ಬರು ಟೀಗೆ ಕರೆದುಕೊಂಡು ಹೋಗಿ ಹೇಳಿದರು: "ಏನಪ್ಪಾ, ನಲ್ಲಿ ರಿಪೇರಿಗೆ ಕಳಿಸಿದ್ರೆ ಮನೆಗೆಲ್ಲ ಸುಣ್ಣ ಬಳಿದು ಬಂದಿದೀಯಲ್ಲ. ಈಗ ನಲ್ಲಿ ಎಲ್ಲಿದೆ ಅಂತ ನಾನು ಹುಡುಕಬೇಕು."

ಇನ್ನು ಪೋಸ್ಟ್‌ಗ್ರೆಸ್ ವಿಷಯ. ಮೊದಲು ನೀವು ಕಂಡದ್ದೆಲ್ಲ ನಿಜವಾಗಲೂ ತಪ್ಪೇ ಅಂತ ನೋಡಿ. ಆ ಕೋಡ್‌ನಲ್ಲಿ ಇಂಡೆಂಟ್ ಮಾಡುವುದು (ಸಾಲಿನ ಶುರುವಿಗೆ ಜಾಗ ಬಿಡುವುದು) ಟ್ಯಾಬ್‌ನಿಂದ. ಒಂದು ಟ್ಯಾಬ್ ಅಂದರೆ 4 ಕಾಲಂ, ಅಂದರೆ 4 ಅಕ್ಷರದ ಅಗಲ. ನಿಮ್ಮ ಟರ್ಮಿನಲ್ ಅದನ್ನು 8 ಅಂತ ತೋರಿಸುತ್ತದೆ. ಆಗ ಕಾಮೆಂಟ್ ಒಳಗಿನ ಪಟ್ಟಿ, ಚಿತ್ರ ಎಲ್ಲ ಸೊಟ್ಟಗೆ ಕಾಣುತ್ತವೆ. ಸೊಟ್ಟಗಿರುವುದು ಕಾಮೆಂಟ್ ಅಲ್ಲ, ನಿಮ್ಮ ಕನ್ನಡಕ. ಫೈಲ್ ತೋರಿಸುವ ಕಮಾಂಡನ್ನು 'ಲೆಸ್ -ಎಕ್ಸ್4' ಅಂತ ಕೊಟ್ಟು ಮತ್ತೆ ನೋಡಿ, ಅರ್ಧಕ್ಕರ್ಧ ದೂರು ಅಲ್ಲೇ ಮುಗಿಯಬಹುದು. ಪೂರ್ಣವಿರಾಮದ ನಂತರ ಎರಡು ಸ್ಪೇಸ್ ಇದ್ದರೆ ಅದು ಟೈಪ್‌ರೈಟರ್ ಕಾಲದವರ ಅಭ್ಯಾಸ, ಮುಟ್ಟಬೇಡಿ.

ಅಲ್ಲದೆ ಪೋಸ್ಟ್‌ಗ್ರೆಸ್‌ನವರ ಹತ್ತಿರ ಈ ಕೆಲಸಕ್ಕೇ ಪಿಜಿಇಂಡೆಂಟ್ ಅನ್ನುವ ಟೂಲ್ ಇದೆ. ಅದು ಇಂಡೆಂಟ್ ಆಗಿರುವ ಕಾಮೆಂಟ್‌ಗಳನ್ನು ಮಾಮೂಲಿ ಬರಹದ ಹಾಗೆ ಮತ್ತೆ ಹರಡಿ ಜೋಡಿಸುತ್ತದೆ. ಮೊದಲ ಕಾಲಂನಿಂದಲೇ ಶುರುವಾಗುವ ಕಾಮೆಂಟ್ ಬ್ಲಾಕ್‌ಗಳನ್ನು ಹಾಗೇ ಬಿಡುತ್ತದೆ. ಕೆಲವು ಕಾಮೆಂಟ್‌ಗಳು ಸ್ಲ್ಯಾಶ್, ನಕ್ಷತ್ರ ಆದ ಮೇಲೆ ಉದ್ದಕ್ಕೆ ಅಡ್ಡಗೆರೆಗಳಿಂದ ಶುರುವಾಗುವುದನ್ನು ನೋಡಿರುತ್ತೀರಿ. ಅದು ಅಲಂಕಾರ ಅಲ್ಲ. "ಇಲ್ಲಿನ ಸಾಲುಗಳನ್ನು ಒಡೆದು ಜೋಡಿಸಬೇಡ" ಅಂತ ಆ ಟೂಲ್‌ಗೆ ಕೊಟ್ಟ ಸೂಚನೆ. ಚೆನ್ನಾಗಿ ಕಾಣಲ್ಲ ಅಂತ ಆ ಗೆರೆ ಅಳಿಸಿದರೆ, ಮುಂದಿನ ಸಲ ಟೂಲ್ ಓಡಿದಾಗ ಒಳಗಿನ ಪಟ್ಟಿಯೆಲ್ಲ ಚಿತ್ರಾನ್ನ.

ಈಗ ನನಗೆ ತುಂಬಾ ತಡವಾಗಿ ಅರ್ಥವಾದ ಸಂಗತಿ. ಸ್ಪೇಸ್ ತೆಗೆಯುವ ಖರ್ಚು ನಿಮ್ಮ ತಲೆಯ ಮೇಲೆ ಬೀಳುವುದಿಲ್ಲ, ಬೇರೆಯವರ ಮೇಲೆ ಬೀಳುತ್ತದೆ. ಪೋಸ್ಟ್‌ಗ್ರೆಸ್‌ನ ಪ್ರತಿ ದೊಡ್ಡ ಆವೃತ್ತಿಗೆ 5 ವರ್ಷ ಬೆಂಬಲ ಇರುತ್ತದೆ. ವರ್ಷಕ್ಕೊಂದು ಆವೃತ್ತಿ ಬರುವುದರಿಂದ ಯಾವಾಗ ನೋಡಿದರೂ ಸುಮಾರು ಐದು ಹಳೇ ಬ್ರಾಂಚ್‌ಗಳು (ಹಳೇ ಆವೃತ್ತಿಗಳ ಕೋಡ್ ಪ್ರತಿಗಳು) ಜೀವಂತ ಇರುತ್ತವೆ. ಒಂದು ಬಗ್ ಸರಿಮಾಡಿದರೆ ಅದನ್ನು ಹೊಸ ಕೆಲಸ ನಡೆಯುವ ಮುಖ್ಯ ಬ್ರಾಂಚ್ ಆದ ಮಾಸ್ಟರ್‌ಗೂ ಹಾಕಬೇಕು, ಬಗ್ ಇರುವ ಹಳೇ ಬ್ರಾಂಚ್‌ಗಳಿಗೂ ಹಾಕಬೇಕು. ನೀವು ಮಾಸ್ಟರ್‌ನಲ್ಲಿ ಮಾತ್ರ ಕಾಮೆಂಟ್ ಚೊಕ್ಕ ಮಾಡಿದ್ದೀರಿ ಅಂತಿಟ್ಟುಕೊಳ್ಳಿ. ಅದರ ಪಕ್ಕದ ಸಾಲಿನಲ್ಲೇ ನಾಳೆ ಬಗ್ ಸಿಕ್ಕಿತು. ಆ ತಿದ್ದುಪಡಿ ಹಳೇ ಬ್ರಾಂಚ್‌ಗೆ ಕೂರುವುದಿಲ್ಲ, ಕಾನ್‌ಫ್ಲಿಕ್ಟ್ ಬರುತ್ತದೆ. ಯಾರೋ ಒಬ್ಬರು ರಾತ್ರಿ ಹನ್ನೊಂದಕ್ಕೆ ಕೂತು ಒಂದು ಕಾಣದ ಸ್ಪೇಸ್‌ಗಾಗಿ ಕೈಯಲ್ಲೇ ಜೋಡಿಸಬೇಕು. ಸೆಕ್ಯುರಿಟಿ ಬಗ್ ಆಗಿದ್ದರಂತೂ ಕೇಳಲೇಬೇಡಿ.

ಇದೇ ಕಾರಣಕ್ಕೆ ಸಮಯವೂ ಮುಖ್ಯ. ಒಂದು ಫೈಲ್ ಮೇಲೆ ಯಾರದ್ದೋ ದೊಡ್ಡ ಪ್ಯಾಚ್ ತಿಂಗಳುಗಟ್ಟಲೆಯಿಂದ ಚರ್ಚೆಯಲ್ಲಿದ್ದರೆ ಆ ಫೈಲ್ ಬಿಟ್ಟುಬಿಡಿ. ಬೆಂಗಳೂರಿನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಪೈಪ್ ಕೆಲಸ ಬಾಕಿ ಇರುವಾಗಲೇ ಡಾಂಬರು ಹಾಕಿದರೆ ಏನಾಗುತ್ತದೆ ಅಂತ ದಿನಾ ನೋಡುತ್ತಿದ್ದೇವೆ.

ಇನ್ನೊಂದು ಖರ್ಚು, ಗಿಟ್ ಬ್ಲೇಮ್. ಗಿಟ್ ಅಂದರೆ ಕೋಡ್‌ನ ಪ್ರತಿ ಬದಲಾವಣೆಯ ದಾಖಲೆ ಇಡುವ ಟೂಲ್; ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರು ಅಂತ ಬ್ಲೇಮ್ ತೋರಿಸುತ್ತದೆ. ಒಂದು ಸಾಲನ್ನು ಯಾರು, ಯಾಕೆ ಬರೆದರು ಅಂತ ಹುಡುಕುವವರಿಗೆ ಮೊದಲು ನಿಮ್ಮ ಹೆಸರು ಸಿಗುತ್ತದೆ. ನಿಮಗೋ ಆ ಸಾಲಿನ ಗಂಧಗಾಳಿ ಇರುವುದಿಲ್ಲ. ಇದಕ್ಕೆ ಮದ್ದಿದೆ. ಬರೀ ಸ್ಪೇಸ್ ಬದಲಾಗಿದ್ದರೆ 'ಗಿಟ್ ಬ್ಲೇಮ್ -ಡಬ್ಲ್ಯೂ' ಸಾಕು, ಅದು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಸಾಲುಗಳನ್ನೇ ಮರುಜೋಡಿಸಿದ್ದರೆ ಅದು ಸಾಲದು. 2019ರಲ್ಲಿ ಬಂದ ಗಿಟ್ 2.23ರಿಂದ, ಇಂತಿಂಥ ಕಮಿಟ್‌ಗಳನ್ನು (ದಾಖಲಾದ ಬದಲಾವಣೆಗಳನ್ನು) ಬ್ಲೇಮ್‌ನಲ್ಲಿ ಬಿಟ್ಟುಬಿಡು ಅಂತ ಒಂದು ಫೈಲ್‌ನಲ್ಲಿ ಪಟ್ಟಿ ಕೊಡಬಹುದು. ಪೋಸ್ಟ್‌ಗ್ರೆಸ್ ರೆಪೊದಲ್ಲೇ (ಕೋಡ್ ಭಂಡಾರದಲ್ಲೇ) ಅಂಥ ಫೈಲ್ ಇದೆ, ತೆರೆದು ನೋಡಿ. ಪಿಜಿಇಂಡೆಂಟ್ ಓಡಿಸಿದ ಕಮಿಟ್‌ಗಳು ಸಾಲಾಗಿ ಸಿಗುತ್ತವೆ.

ಇನ್ನು "ಪ್ರೋಗ್ರಾಂಗೆ ಏನೂ ಆಗಲ್ಲ" ಅನ್ನುವ ಮಾತು. ಬಹುಪಾಲು ನಿಜ, ಪೂರ್ತಿ ಅಲ್ಲ. ಸ್ಕ್ರಿಪ್ಟ್‌ಗೆ ಕಾಮೆಂಟ್ ಯಾವುದು, ಡೇಟಾ ಯಾವುದು ಅಂತ ಗೊತ್ತಿರುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ಕಮಾಂಡ್ ಕೊಡುವ ಪ್ರೋಗ್ರಾಂ ಆದ ಪಿಎಸ್‌ಕ್ಯೂಎಲ್ ಟೇಬಲ್ ತೋರಿಸುವಾಗ ಕಾಲಂ ಹೆಸರನ್ನು ನಡುವೆ ಇಟ್ಟು ಎರಡೂ ಕಡೆ ಸ್ಪೇಸ್ ತುಂಬುತ್ತದೆ. ಹಾಗಾಗಿ ರಿಗ್ರೆಶನ್ ಟೆಸ್ಟ್‌ಗಳ (ಮೊದಲಿದ್ದದ್ದು ಕೆಟ್ಟಿಲ್ಲ ಅಂತ ನೋಡುವ ಟೆಸ್ಟ್‌ಗಳ) ನಿರೀಕ್ಷಿತ ಔಟ್‌ಪುಟ್ ಫೈಲ್‌ಗಳಲ್ಲಿ ಸಾಲಿನ ಕೊನೆಗೆ ಸ್ಪೇಸ್ ಇರಲೇಬೇಕು. ಟೇಬಲ್‌ಗೆ ಡೇಟಾ ತುಂಬುವ ಕಾಪಿ ಕಮಾಂಡ್‌ಗೆ ಕೊಡುವ ಡೇಟಾದಲ್ಲಿ ಮಾಮೂಲಾಗಿ ಟ್ಯಾಬ್ ಅಂದರೆ ಎರಡು ಕಾಲಂ ನಡುವಿನ ಗಡಿ. ಬಿಲ್ಡ್ ಹೇಗೆ ಮಾಡಬೇಕು ಅಂತ ಹೇಳುವ ಮೇಕ್‌ಫೈಲ್‌ನಲ್ಲಿ ಟ್ಯಾಬ್ ಹೋದರೆ ಬಿಲ್ಡೇ ಆಗುವುದಿಲ್ಲ. ಎಸ್‌ಕ್ಯೂಎಲ್ ಫಂಕ್ಷನ್‌ನ ಡಾಲರ್ ಗುರುತುಗಳ ನಡುವೆ ಬರೆದ ಕಾಮೆಂಟ್ ಕೂಡ ಇದ್ದ ಹಾಗೇ ಫಂಕ್ಷನ್‌ಗಳನ್ನು ಇಡುವ ಪಿಜಿ_ಪ್ರೊಕ್ ಟೇಬಲ್‌ಗೆ ಹೋಗಿ ಕೂರುತ್ತದೆ. ಅಲ್ಲಿ ಕಾಮೆಂಟ್ ಅಂದರೆ ಡೇಟಾನೇ.

ಕನ್ನಡದವರಾಗಿ ಇದೊಂದನ್ನು ಮರೆಯಬೇಡಿ. ವೆಬ್‌ನಿಂದ ಕಾಪಿ ಮಾಡುವಾಗ ಬರುವ ಮುರಿಯದ ಸ್ಪೇಸ್ (ನಾನ್-ಬ್ರೇಕಿಂಗ್ ಸ್ಪೇಸ್) ಕಣ್ಣಿಗೆ ಮಾಮೂಲಿ ಸ್ಪೇಸ್ ಥರಾನೇ ಕಾಣುತ್ತದೆ. ಅದನ್ನು ತೆಗೆಯುವ ಹುರುಪಿನಲ್ಲಿ ಕೆಲವರು "ಕಾಣದ ಅಕ್ಷರ ಎಲ್ಲವನ್ನೂ ಅಳಿಸು" ಅಂತ ಸ್ಕ್ರಿಪ್ಟ್ ಬರೆಯುತ್ತಾರೆ. ಎರಡು ಅಕ್ಷರ ಸೇರಿ ಒತ್ತಾಗದಂತೆ ತಡೆಯುವ ಯೂನಿಕೋಡ್‌ನ ಯು+200ಸಿ ಕೂಡ ಕಾಣದ ಅಕ್ಷರವೇ. ಅದು ಹೋದರೆ "ಸಾಫ್ಟ್‌ವೇರ್" ಹೋಗಿ "ಸಾಫ್ಟ್ವೇರ್" ಆಗಿ ವ ಅಕ್ಷರ ಕೆಳಗೆ ಒತ್ತಾಗಿ ಇಳಿಯುತ್ತದೆ. ನಮ್ಮ ಟೀಮಿನ ಕನ್ನಡ ಹುಡುಕಾಟದ ಟೆಸ್ಟ್ ಡೇಟಾ ಒಮ್ಮೆ ಹೀಗೇ ಹಾಳಾಗಿತ್ತು. ಉಳಿದವರಿಗೆ ಟೆಸ್ಟ್ ಯಾಕೆ ಬಿದ್ದಿತು ಅಂತಲೇ ಗೊತ್ತಾಗಲಿಲ್ಲ, ಪಾಪ.

ಸರಿ, ಇಷ್ಟಾದ ಮೇಲೂ ಕಳಿಸಬೇಕು ಅಂದರೆ ಹೀಗೆ ಮಾಡಿ. ಒಂದು ಡೈರೆಕ್ಟರಿ, ಬರೀ ಸಿ ಫೈಲ್‌ಗಳು. ಸ್ಪೇಸ್ ತೆಗೆಯುವುದು ಒಂದು ಪ್ಯಾಚ್, ಮಾತು ತಿದ್ದುವುದು ಇನ್ನೊಂದು. ಮೊದಲನೆಯದರ ಮೇಲೆ 'ಗಿಟ್ ಡಿಫ್ -ಡಬ್ಲ್ಯೂ' ಓಡಿಸಿದರೆ ಏನೂ ಬರಬಾರದು. ಆಮೇಲೆ ಡೀಬಗ್ ಮಾಹಿತಿ ಇಲ್ಲದೆ ಮುಂಚಿನ ಕೋಡ್ ಮತ್ತು ಈಗಿನ ಕೋಡ್ ಎರಡನ್ನೂ ಕಂಪೈಲ್ ಮಾಡಿ, ಅದರಿಂದ ಸಿಗುವ ಆಬ್ಜೆಕ್ಟ್ ಫೈಲ್‌ಗಳನ್ನು ಹೋಲಿಸಿ. ಒಂದು ಬೈಟ್ ಕೂಡ ಬೇರೆ ಇರಬಾರದು. ಆದರೆ ನೀವು ಸಾಲುಗಳ ಸಂಖ್ಯೆ ಬದಲಿಸಿದ್ದರೆ ವ್ಯತ್ಯಾಸ ಬರಬಹುದು. ಯಾಕೆಂದರೆ ಎರರ್ ಕೊಡುವ ಮ್ಯಾಕ್ರೊಗಳು ತಾವಿರುವ ಸಾಲಿನ ನಂಬರನ್ನೂ ಜೊತೆಗೆ ಇಟ್ಟುಕೊಂಡಿರುತ್ತವೆ. ರಿವ್ಯೂ ಮಾಡುವವರಿಗೆ ಇನ್ನೊಂದು ಉಪಕಾರ: ಗಿಟ್ ಡಿಫ್ ಮಾಮೂಲಾಗಿ ಹೊಸ ಸಾಲಿನ ಸ್ಪೇಸ್ ತಪ್ಪನ್ನು ಮಾತ್ರ ಕೆಂಪು ಮಾಡುತ್ತದೆ. ನೀವು ತೆಗೆದದ್ದು ಹಳೇ ಸಾಲಿನಲ್ಲಿರುವುದರಿಂದ ಅವರಿಗೆ ಒಂದೇ ಥರದ ಎರಡು ಸಾಲು ಕಾಣುತ್ತವೆ, ತಲೆ ಕೆರೆದುಕೊಳ್ಳುತ್ತಾರೆ. ಏನು ತೆಗೆದಿದ್ದೀರಿ ಅಂತ ಕಮಿಟ್ ಮೆಸೇಜ್‌ನಲ್ಲಿ ಒಂದು ಸಾಲು ಬರೆಯಿರಿ.

ನನ್ನನ್ನು ಕೇಳಿದರೆ, ಸ್ಪೇಸ್ ಹುಡುಕುವ ನೆಪದಲ್ಲಿ ಕಾಮೆಂಟ್‌ಗಳನ್ನು ಓದಿ. ಜಾಗ ಎಲ್ಲಿ ಎಡವಟ್ಟಾಗಿದೆಯೋ ಅಲ್ಲಿ ಯಾರೋ ಅವಸರದಲ್ಲಿ ಕೈ ಹಾಕಿರುತ್ತಾರೆ. ಅರ್ಧ ತಿದ್ದಿದ ವಾಕ್ಯ, ಈಗಿಲ್ಲದ ಪ್ಯಾರಾಮೀಟರ್‌ನ ವಿವರಣೆ ಅಲ್ಲೇ ಸಿಗುವುದು ಜಾಸ್ತಿ. ಒಂದು ಓಪನ್ ಸೋರ್ಸ್ ಡೇಟಾಬೇಸ್ ಎಕ್ಸ್‌ಟೆನ್ಶನ್‌ಗೆ ನಾನು ಕಳಿಸಿದ ಮೊದಲ ಪ್ಯಾಚ್ ಹೀಗೇ ಹುಟ್ಟಿದ್ದು. ಸಾಲಿನ ಕೊನೆಗೊಂದು ಸ್ಪೇಸ್ ಕಂಡಿತು, ಓದಿದೆ, ಎಂದೋ ತೆಗೆದುಹಾಕಿದ ಪ್ಯಾರಾಮೀಟರ್ ಬಗ್ಗೆ ಎರಡು ಸಾಲು ಅಲ್ಲಿತ್ತು. ಸರಿಮಾಡಿ ಕಳಿಸಿದೆ, ಮರುದಿನವೇ ತೆಗೆದುಕೊಂಡರು. ಜೊತೆಗೆ, ನನ್ನ ಪ್ಯಾಚ್ ಹಾಕುವಾಗ ಗಿಟ್ ಕೊಟ್ಟ ಎಚ್ಚರಿಕೆಯನ್ನೂ ನಗುಮುಖದ ಗುರುತಿನೊಂದಿಗೆ ಅಂಟಿಸಿದ್ದರು. ನಾನು ಹೊಸದಾಗಿ ಬರೆದ ಸಾಲಿನ ಕೊನೆಗೇ ಒಂದು ಸ್ಪೇಸ್ ಉಳಿದಿತ್ತಂತೆ. ಕಳಿಸುವ ಮುಂಚೆ 'ಗಿಟ್ ಡಿಫ್ --ಚೆಕ್' ಓಡಿಸಿ.