ಒಂದೇ ಯುದ್ಧ, ಎರಡು ನ್ಯಾಯ

ಪ್ರಶ್ನೆ: 1898ರಲ್ಲಿ ಸ್ಪೇನನ್ನು ಸೋಲಿಸಿದ ಅಮೆರಿಕವು ಕ್ಯೂಬಾಕ್ಕೆ ಸ್ವಾತಂತ್ರ್ಯ ಕೊಟ್ಟು ಫಿಲಿಪ್ಪೀನ್ಸನ್ನು ಮಾತ್ರ ತಾನೇ ಇಟ್ಟುಕೊಂಡದ್ದೇಕೆ? ಒಂದು ಕಾಲಕ್ಕೆ ತಾನೂ ವಸಾಹತಾಗಿದ್ದ ದೇಶಕ್ಕೆ ಇದು ತಪ್ಪೆನಿಸಲಿಲ್ಲವೇ?
– ಓದುಗರೊಬ್ಬರು, ಸಾಗರ

ಉತ್ತರ: ಯುದ್ಧ ಆರಂಭವಾದದ್ದೇ ಸ್ಪೇನಿನ ವಸಾಹತಾಗಿದ್ದ ಕ್ಯೂಬಾದ ಹೆಸರಿನಲ್ಲಿ. ಆ ದ್ವೀಪವನ್ನು ತನ್ನದಾಗಿಸಿಕೊಳ್ಳುವ ಉದ್ದೇಶವಿಲ್ಲವೆಂದು ಅಮೆರಿಕದ ಕಾಂಗ್ರೆಸ್ಸು 1898ರ ಏಪ್ರಿಲ್‌ನಲ್ಲಿ, ಸೆನೆಟರ್ ಟೆಲ್ಲರ್ ಮಂಡಿಸಿದ ತಿದ್ದುಪಡಿಯ ಮೂಲಕ, ಬಹಿರಂಗವಾಗಿ ಮಾತು ಕೊಟ್ಟಿತ್ತು. ಫಿಲಿಪ್ಪೀನ್ಸಿನ ವಿಷಯದಲ್ಲಿ ಅಂತಹ ಕಟ್ಟುಪಾಡು ಇರಲಿಲ್ಲ. ಮೇ 1ರಂದು ಅಮೆರಿಕದ ನೌಕಾಧಿಕಾರಿ ಡ್ಯೂಯಿಯ ಪಡೆ ಮನಿಲಾ ಕೊಲ್ಲಿಯಲ್ಲಿ ಸ್ಪೇನಿನ ಹಡಗುಗಳನ್ನು ನಾಶಮಾಡಿದ ಮೇಲೆ ಲೆಕ್ಕಾಚಾರ ಬದಲಾಯಿತು. ಚೀನಾದ ವ್ಯಾಪಾರಕ್ಕೆ ಹತ್ತಿರದ ನೆಲೆಯೊಂದು ಸಿಗುತ್ತದೆಂಬ ಆಸೆ, ತಾನು ಬಿಟ್ಟರೆ ಜರ್ಮನಿಯಂಥ ಬೇರೊಂದು ಶಕ್ತಿ ಕಬಳಿಸೀತೆಂಬ ಅಂಜಿಕೆ, ಅಲ್ಲಿನ ಜನರಿಗೆ ತಮ್ಮನ್ನು ತಾವು ಆಳಿಕೊಳ್ಳುವ ಯೋಗ್ಯತೆಯಿಲ್ಲವೆಂಬ ಜನಾಂಗೀಯ ಅಹಂಕಾರ, ಇವೆಲ್ಲ ಒಟ್ಟಿಗೆ ಕೆಲಸ ಮಾಡಿದವು. ಫಿಲಿಪ್ಪೀನ್ಸಿನ ಬಂಡಾಯದ ನಾಯಕ ಅಗಿನಾಲ್ಡೊ ಜೂನ್ 12ರಂದೇ ಸ್ವಾತಂತ್ರ್ಯ ಘೋಷಿಸಿದ್ದರೂ ಪ್ಯಾರಿಸ್ಸಿನ ಸಂಧಾನದಲ್ಲಿ ಫಿಲಿಪ್ಪೀನ್ಸಿನವರಿಗೆ ಸ್ಥಾನವೇ ಸಿಗಲಿಲ್ಲ. ಡಿಸೆಂಬರ್ 10ರ ಒಪ್ಪಂದದಂತೆ ಅಮೆರಿಕವು ಸ್ಪೇನಿಗೆ 2 ಕೋಟಿ ಡಾಲರ್ ಕೊಟ್ಟು ದ್ವೀಪಗಳನ್ನು ಪಡೆಯಿತು.

ಮುಂದೆ ಅಮೆರಿಕಕ್ಕೂ ಫಿಲಿಪ್ಪೀನ್ಸಿನವರಿಗೂ ನಡುವೆ ನಡೆದದ್ದು ಹಿಂದಿನದಕ್ಕಿಂತ ಘೋರವಾದ ಯುದ್ಧ. 1899ರ ಫೆಬ್ರವರಿ 4ರಂದು ಮನಿಲಾದ ಹೊರವಲಯದಲ್ಲಿ ಗುಂಡು ಹಾರಿತು. ಎರಡು ದಿನಗಳ ನಂತರ ಸೆನೆಟ್ 57–27 ಮತಗಳಿಂದ, ಅಂದರೆ ಬೇಕಾದ ಮೂರನೇ ಎರಡರಷ್ಟಕ್ಕಿಂತ ಒಂದೇ ಮತ ಹೆಚ್ಚಾಗಿ, ಒಪ್ಪಂದವನ್ನು ಅಂಗೀಕರಿಸಿತು. 1902ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಯುದ್ಧ ಮುಗಿಯಿತೆಂದು ಸಾರುವ ಹೊತ್ತಿಗೆ ಸುಮಾರು 4,200 ಅಮೆರಿಕನ್ ಸೈನಿಕರು ಸತ್ತಿದ್ದರು. ಹಸಿವು, ಕಾಲರಾಗಳನ್ನೂ ಸೇರಿಸಿದರೆ ಸತ್ತ ಫಿಲಿಪ್ಪೀನ್ಸಿನ ನಾಗರಿಕರ ಸಂಖ್ಯೆ 2 ಲಕ್ಷದಷ್ಟಿತ್ತೆಂಬುದು ಸಾಮಾನ್ಯವಾಗಿ ಹೇಳಲಾಗುವ ಅಂದಾಜು.

ತಪ್ಪೆನಿಸಿದವರು ಅಲ್ಲಿಯೇ ಬಹಳ ಮಂದಿ ಇದ್ದರು. 1898ರಲ್ಲಿ ಹುಟ್ಟಿದ ಸಾಮ್ರಾಜ್ಯಶಾಹಿ ವಿರೋಧಿ ಸಂಘದಲ್ಲಿ ಮಾರ್ಕ್ ಟ್ವೇನ್‌ನಂತಹ ಸಾಹಿತಿಯೂ ಕಾರ್ನೆಗಿಯಂತಹ ಉದ್ಯಮಿಯೂ ಸೇರಿದರು. ಆದರೆ ವಿರೋಧಿಸಿದವರೆಲ್ಲರೂ ಸಮಾನತೆಯ ಪಕ್ಷಪಾತಿಗಳಾಗಿದ್ದರೆಂದು ಭಾವಿಸಬೇಕಾಗಿಲ್ಲ. ಬಿಳಿಯರಲ್ಲದ ಲಕ್ಷಾಂತರ ಜನ ತಮ್ಮ ಗಣರಾಜ್ಯದೊಳಗೆ ಬರುವುದೇ ಬೇಡವೆಂದು ದನಿಯೆತ್ತಿದವರೂ ಅವರಲ್ಲಿದ್ದರು.

ಇನ್ನು ಕ್ಯೂಬಾಕ್ಕೆ ‘ಸ್ವಾತಂತ್ರ್ಯ ಕೊಟ್ಟು’ ಎಂಬ ನಿಮ್ಮ ಮಾತನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ಅಗತ್ಯ ಕಂಡಾಗ ಮಧ್ಯೆ ಪ್ರವೇಶಿಸುವ ಹಕ್ಕು ಅಮೆರಿಕಕ್ಕಿದೆಯೆಂದು ಅಮೆರಿಕದ ಕಾಂಗ್ರೆಸ್ಸಿನ 1901ರ ಪ್ಲಾಟ್ ತಿದ್ದುಪಡಿ ಹೇಳಿತು. ಅದನ್ನು ತನ್ನ ಸಂವಿಧಾನದಲ್ಲಿ ಸೇರಿಸಿಕೊಂಡ ಮೇಲೆಯೇ ಕ್ಯೂಬಾದಿಂದ ಅಮೆರಿಕದ ಸೈನ್ಯ ಹೊರಟದ್ದು. ಆ ಷರತ್ತು 1934ರಲ್ಲಿ ರದ್ದಾಯಿತಾದರೂ, 1903ರಲ್ಲಿ ಗುತ್ತಿಗೆಗೆ ಪಡೆದ ಗ್ವಾಂಟನಾಮೊ ನೌಕಾನೆಲೆಯನ್ನು ಅಮೆರಿಕ ಇಂದಿಗೂ ಬಿಟ್ಟುಕೊಟ್ಟಿಲ್ಲ.